ತೊಗರಿ ಹೊಲದಲ್ಲಿ ಮೆಂಡೆಲನ ಲೆಕ್ಕ

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಹತ್ತಿ ನೀವು ಕಿಟಕಿಯ ಪಕ್ಕ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ಚಿತ್ತಾಪುರ, ಮಳಖೇಡ, ಸೇಡಂ ಒಂದರ ಹಿಂದೊಂದು ಸರಿಯುತ್ತವೆ. ಸೀಗಿ ಹುಣ್ಣಿಮೆ ಕಳೆದ ದಿನಗಳಾಗಿದ್ದರೆ ಹಳಿಯ ಎರಡೂ ಕಡೆ ಎರೆಹೊಲಗಳಲ್ಲಿ ತೊಗರಿ ಹೂವಾಡಿರುತ್ತದೆ. ಶಹಾಬಾದಿನ ಫರಸಿ ಕಲ್ಲು, ವಾಡಿಯ ಸಿಮೆಂಟು ಈ ಸೀಮೆಯ ನೆಲದೊಳಗಿನ ಸಂಪತ್ತು. ನೆಲದ ಮೇಲಿನ ಸಂಪತ್ತು ತೊಗರಿ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಈಗ ಸೇಡಂ ತಾಲ್ಲೂಕಿನ ಆಡಕಿಯಂಥ ಊರಿನಲ್ಲಿ ಹತ್ತನೆಯ ತರಗತಿ ಓದುವ ಮಗುವೊಂದನ್ನು ನೆನೆಯಿರಿ. ಬೆಳಿಗ್ಗೆ ಶಾಲೆಯಲ್ಲಿ ಆ ಮಗು ನಾಲ್ಕು ಮನೆಗಳ ಒಂದು ಚೌಕ ಬರೆಯುತ್ತದೆ. ಎತ್ತರದ ಬಟಾಣಿ ಗಿಡ, ಗಿಡ್ಡ ಬಟಾಣಿ ಗಿಡ, ಅವುಗಳ ಸಂಕರ, ಮೂರಕ್ಕೆ ಒಂದು ಎಂಬ ಅನುಪಾತ. ಎಲ್ಲವೂ ಪರೀಕ್ಷೆಗೆ ಬರುವ ಪ್ರಶ್ನೆ. ಸಂಜೆ ಮನೆಗೆ ಬಂದರೆ ಅಪ್ಪ ಹೇಳುವ ಮಾತು ಬೇರೆ: ‘ನಾಲ್ಕು ವರ್ಷದ ಹಿಂದ ತಂದ ಬೀಜ ಛಲೋ ಇತ್ತು. ಈಗ ಅದೇ ಬೀಜ ಬಿತ್ತಿದರ ಹೊಲದಾಗ ಅರ್ಧ ಗಿಡ ಒಂದು ನಮೂನಿ, ಅರ್ಧ ಗಿಡ ಇನ್ನೊಂದು ನಮೂನಿ.’ ಶಾಲೆಯ ಚೌಕಕ್ಕೂ ಅಪ್ಪನ ದೂರಿಗೂ ಏನಾದರೂ ಸಂಬಂಧ ಇದೆಯೆ? ಇದೆ. ಆ ಸಂಬಂಧದ ಕಥೆಯನ್ನೇ ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ಬಟಾಣಿ ಮತ್ತು ತೊಗರಿ ಒಂದೇ ದ್ವಿದಳ ಕುಟುಂಬದ ಸಸ್ಯಗಳು; ಎರಡರ ಹೂವೂ ಚಿಟ್ಟೆಯ ಆಕಾರದ್ದು. ಆದರೆ ಅವುಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಅದನ್ನು ಸ್ವಲ್ಪ ಹೊತ್ತಿನ ಮೇಲೆ ನೋಡೋಣ.

ಮಠದ ತೋಟದಲ್ಲಿ ಎಂಟು ವರ್ಷ

ಗ್ರೆಗರ್ ಮೆಂಡೆಲ್ ಹುಟ್ಟಿದ್ದು 1822ರಲ್ಲಿ, ಅಂದಿನ ಆಸ್ಟ್ರಿಯ ಸಾಮ್ರಾಜ್ಯದ ಒಂದು ರೈತ ಕುಟುಂಬದಲ್ಲಿ. ಓದು ಮುಂದುವರಿಸಲು ಹಣವಿಲ್ಲದೆ ಬ್ರನೋ ನಗರದ ಮಠವನ್ನು ಸೇರಿದ. ಆ ನಗರ ಇಂದು ಜೆಕ್ ಗಣರಾಜ್ಯದಲ್ಲಿದೆ. ಶಿಕ್ಷಕನಾಗಲು 1850ರಲ್ಲಿ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದ. ಮಠದವರು ಅವನನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದವರಲ್ಲಿ ಇಬ್ಬರ ಹೆಸರು ಗಮನಾರ್ಹ. ಒಬ್ಬರು ಡಾಪ್ಲರ್. ಇನ್ನೊಬ್ಬರು ಎಟಿಂಗ್ಸ್‌ಹೌಸನ್, ವಸ್ತುಗಳನ್ನು ಎಷ್ಟು ವಿಧವಾಗಿ ಜೋಡಿಸಬಹುದು ಎಂಬ ಗಣಿತದ ಬಗ್ಗೆ ಪುಸ್ತಕವನ್ನೇ ಬರೆದವರು. ಗಿಡಗಳನ್ನು ಬೆಳೆಸುವವರು ಲೋಕದಲ್ಲಿ ಬಹಳ ಮಂದಿ ಇದ್ದರು. ಬೆಳೆದ ಗಿಡಗಳನ್ನು ಲೆಕ್ಕದ ಕಣ್ಣಿನಿಂದ ನೋಡುವವನು ಮಾತ್ರ ಈ ಪಾಠಶಾಲೆಯಿಂದ ಹೊರಬಂದ.

ಮೆಂಡೆಲ್ ಮೊದಲು ಮಾಡಿದ ಕೆಲಸ ಸಂಕರವಲ್ಲ, ಬೀಜದ ಪರೀಕ್ಷೆ. ಬೀಜದ ವ್ಯಾಪಾರಿಗಳಿಂದ ಬಟಾಣಿಯ 34 ಬಗೆಗಳನ್ನು ತರಿಸಿ, ಎರಡು ವರ್ಷ ಬರೀ ಬಿತ್ತಿ, ಕೊಯ್ದು, ನೋಡಿದ. ತಾಯಿಯಂತೆಯೇ ಮಕ್ಕಳು ಬರುವ ಬಗೆಗಳನ್ನಷ್ಟೇ ಇಟ್ಟುಕೊಂಡ. ಪ್ರಯೋಗಕ್ಕೆ 22 ಉಳಿದವು. 1856ರಿಂದ 1863ರವರೆಗೆ ಸುಮಾರು 28,000 ಗಿಡಗಳನ್ನು ಬೆಳೆಸಿ, ಏಳು ಲಕ್ಷಣಗಳನ್ನು ಒಂದೊಂದಾಗಿ ಗಮನಿಸಿದ. ಬಟಾಣಿಯ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವಂಥದು. ಆದ್ದರಿಂದ ಯಾವ ಗಿಡಕ್ಕೆ ಯಾವುದು ತಂದೆ, ಯಾವುದು ತಾಯಿ ಎಂಬುದರಲ್ಲಿ ಅವನಿಗೆ ಸಂದೇಹವೇ ಇರಲಿಲ್ಲ. ಬೇರೆ ಪರಾಗ ಬೇಕಾದಾಗ ಎಳೆಯ ಹೂವನ್ನು ಬಿಡಿಸಿ, ಕೇಸರಗಳನ್ನು ಚಿಮುಟದಿಂದ ತೆಗೆದು, ತಾನೇ ಪರಾಗ ಹಚ್ಚುತ್ತಿದ್ದ.

ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಬಂದದ್ದೆಲ್ಲ ದುಂಡು ಕಾಳು. ಸುಕ್ಕು ಮಾಯವಾಯಿತೆ? ಆ ದುಂಡು ಕಾಳುಗಳನ್ನೇ ಬಿತ್ತಿ, ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ 5,474 ದುಂಡು, 1,850 ಸುಕ್ಕು ಕಾಳು ದೊರೆತವು. ಅನುಪಾತ 2.96ಕ್ಕೆ 1. ಹಳದಿ ಮತ್ತು ಹಸಿರು ಕಾಳಿನ ಸಂಕರದಲ್ಲಿ 6,022 ಹಳದಿ, 2,001 ಹಸಿರು, 3.01ಕ್ಕೆ 1. ಮಾಯವಾಯಿತೆಂದುಕೊಂಡ ಲಕ್ಷಣ ಒಂದು ತಲೆಮಾರು ಮರೆಯಲ್ಲಿತ್ತು, ಅಷ್ಟೆ. ಮೇಲೆ ಕಾಣುವ ಲಕ್ಷಣವನ್ನು ಅವನು ಪ್ರಬಲ ಎಂದ. ಮರೆಯಾಗುವುದನ್ನು ದುರ್ಬಲ ಎಂದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮೆಂಡೆಲ್ ಒಳ್ಳೆಯ ತೋಟಗಾರ ಎನಿಸಿಕೊಳ್ಳುತ್ತಿದ್ದ. ಅವನು ಇನ್ನೊಂದು ಪೀಳಿಗೆ ಮುಂದೆ ಹೋದ. ಎರಡನೆಯ ಪೀಳಿಗೆಯ ದುಂಡು ಕಾಳುಗಳಿಂದ ಬೆಳೆದ 565 ಗಿಡಗಳಲ್ಲಿ 193 ಗಿಡಗಳು ದುಂಡು ಕಾಳನ್ನು ಮಾತ್ರ ಕೊಟ್ಟವು. 372 ಗಿಡಗಳು ದುಂಡನ್ನೂ ಸುಕ್ಕನ್ನೂ ಕೊಟ್ಟವು. ಅಂದರೆ ಹೊರಗೆ ಒಂದೇ ರೀತಿ ಕಾಣುವ ಕಾಳುಗಳಲ್ಲಿ ಮೂರರಲ್ಲಿ ಒಂದು ಒಳಗೂ ಶುದ್ಧ. ಉಳಿದ ಎರಡು ಒಳಗೆ ಮಿಶ್ರ. ಕಣ್ಣಿಗೆ ಕಾಣುವುದು ಬೇರೆ, ಒಳಗೆ ಇರುವುದು ಬೇರೆ ಎಂಬ ಈ ಮಾತೇ ಇಡೀ ತಳಿಶಾಸ್ತ್ರದ ಅಡಿಗಲ್ಲು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ನಿಸರ್ಗ ವಿಜ್ಞಾನ ಸಂಘದಲ್ಲಿ ಮೆಂಡೆಲ್ ಇದನ್ನು ಓದಿದ. ಮರುವರ್ಷ ಅದು ಅಚ್ಚಾಯಿತು. ವಿದ್ವಾಂಸರು ಗಮನ ಕೊಡಲಿಲ್ಲ. 1884ರ ಜನವರಿ 6ರಂದು ಆತ ತೀರಿಕೊಂಡಾಗ ಊರಿನವರ ಪಾಲಿಗೆ ಆತ ಒಬ್ಬ ಗೌರವಾನ್ವಿತ ಮಠಾಧಿಪತಿ ಮಾತ್ರ.

ಮಳಖೇಡದ ಸೂತ್ರ, ಪ್ಯೂನೆಟನ ಚೌಕ

ಮೆಂಡೆಲನ ಲೆಕ್ಕದ ಒಳಗುಟ್ಟು ತಿಳಿಯಲು ನಾವು ರೈಲಿನ ಕಿಟಕಿಗೇ ಮರಳಿ, ಮಳಖೇಡದಲ್ಲಿ ಒಂದು ಗಳಿಗೆ ಇಳಿಯಬಹುದು. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದಾಗ ಮಹಾವೀರಾಚಾರ್ಯ ‘ಗಣಿತಸಾರ ಸಂಗ್ರಹ’ವನ್ನು ರಚಿಸಿದ, ಗ್ರಂಥದ ಆರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ವಿಧವಾಗಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ಸೂತ್ರವನ್ನು ಕೊಟ್ಟ. ಅವನ ಒಂದು ಉದಾಹರಣೆ ಷಡ್ರಸಗಳದು. ಆರು ರುಚಿಗಳಲ್ಲಿ ಎರಡೆರಡನ್ನು ಬೆರೆಸಿದರೆ ಎಷ್ಟು ಬಗೆ? ಆರನ್ನು ಐದರಿಂದ ಗುಣಿಸಿ, ಒಂದು ಮತ್ತು ಎರಡರ ಗುಣಲಬ್ಧದಿಂದ ಭಾಗಿಸಿ: 15. ಒಂದರಿಂದ ಆರರವರೆಗೆ ಎಲ್ಲ ಬೆರಕೆಗಳನ್ನೂ ಕೂಡಿಸಿದರೆ 63.

ಮಹಾವೀರನಿಗೂ ಮೆಂಡೆಲನಿಗೂ ನೇರ ಸಂಬಂಧವಿಲ್ಲ. ಆದರೆ ಇಬ್ಬರೂ ಕೇಳಿದ ಪ್ರಶ್ನೆಯ ಜಾತಿ ಒಂದೇ: ಎಷ್ಟು ಬಗೆಯಲ್ಲಿ ಜೋಡಿಸಬಹುದು? ಮಿಶ್ರ ಗಿಡದಲ್ಲಿ ದುಂಡಿನ ಅಂಶ ಒಂದು, ಸುಕ್ಕಿನ ಅಂಶ ಒಂದು ಇರುತ್ತವೆ. ಇವನ್ನು ‘ದು’ ಮತ್ತು ‘ಸು’ ಎನ್ನೋಣ. ಪರಾಗದ ಪ್ರತಿ ಕಣಕ್ಕೂ ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ; ಅಂಡಕ್ಕೂ ಹಾಗೆಯೇ. ಎರಡು ಬಗೆಯ ಪರಾಗ, ಎರಡು ಬಗೆಯ ಅಂಡ ಸೇರಿದರೆ ನಾಲ್ಕು ಜೋಡಿ: ದು-ದು, ದು-ಸು, ಸು-ದು, ಸು-ಸು. ಮೊದಲ ಮೂರರಲ್ಲಿ ‘ದು’ ಇರುವುದರಿಂದ ಕಾಳು ದುಂಡು. ಕೊನೆಯದು ಮಾತ್ರ ಸುಕ್ಕು. ಮೂರಕ್ಕೆ ಒಂದು ಬಂದದ್ದು ಹೀಗೆ. ಎರಡು ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಹದಿನಾರು ಮನೆಗಳು. ಪ್ರಬಲ-ದುರ್ಬಲಗಳು 9:3:3:1ರಂತೆ ಹಂಚಿಕೊಳ್ಳುತ್ತವೆ. ಮೆಂಡೆಲನಿಗೆ ಸಿಕ್ಕಿದ್ದು 315 ದುಂಡು ಹಳದಿ, 108 ದುಂಡು ಹಸಿರು, 101 ಸುಕ್ಕು ಹಳದಿ, 32 ಸುಕ್ಕು ಹಸಿರು. ಒಟ್ಟು 556ನ್ನು ಹದಿನಾರು ಪಾಲು ಮಾಡಿ ನೀವೇ ತಾಳೆ ನೋಡಬಹುದು.

ಈ ಜೋಡಿಗಳನ್ನು ಚೌಕದ ಮನೆಗಳಲ್ಲಿ ಬರೆಯುವ ಪದ್ಧತಿ ಮೆಂಡೆಲನದಲ್ಲ. 1900ರಲ್ಲಿ ಡಿ ವ್ರೀಸ್, ಕೋರೆನ್ಸ್, ಚೆರ್ಮಾಕ್ ಎಂಬ ಮೂವರು ಮೆಂಡೆಲನ ಲೇಖನವನ್ನು ಲೋಕದ ಬೆಳಕಿಗೆ ತಂದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಲಿಯಂ ಬೇಟ್ಸನ್ ಆ ವಿಚಾರದ ದೊಡ್ಡ ಪ್ರಚಾರಕನಾದ. ತಳಿಶಾಸ್ತ್ರಕ್ಕೆ ಜೆನೆಟಿಕ್ಸ್ ಎಂಬ ಹೆಸರು 1905ರಲ್ಲಿ ಅವನಿಂದಲೇ ಬಂತು. ಅವನ ಜೊತೆಗಾರ ರೆಜಿನಾಲ್ಡ್ ಪ್ಯೂನೆಟ್ ರೂಪಿಸಿದ ಚೌಕವೇ ಇಂದು ನಮ್ಮ ಮಕ್ಕಳ ನೋಟುಪುಸ್ತಕದಲ್ಲಿರುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ನಾಲ್ಕು ಕಾಳು ತೆಗೆದರೆ ಮೂರು ದುಂಡು, ಒಂದು ಸುಕ್ಕು ಇರಲೇಬೇಕು ಎಂದು ಮಕ್ಕಳು ತಿಳಿಯುತ್ತಾರೆ. ದೊಡ್ಡವರೂ ತಿಳಿಯುತ್ತಾರೆ. ಹಾಗಿಲ್ಲ. ಸುಕ್ಕು ಕಾಳು ನಾಲ್ಕರಲ್ಲಿ ಯಾವುದಾದರೂ ಆಗಬಹುದು, ನಾಲ್ಕು ವಿಧ. ಈ ನಾಲ್ಕನ್ನೂ ಲೆಕ್ಕಕ್ಕೆ ಹಿಡಿದರೂ, ಸರಿಯಾಗಿ ಮೂರಕ್ಕೆ ಒಂದು ಬರುವುದು ನೂರು ಸಲದಲ್ಲಿ ಸುಮಾರು 42 ಸಲ ಮಾತ್ರ. ನಾಲ್ಕೂ ದುಂಡಾಗಿ ಬರುವುದು ಸುಮಾರು 32 ಸಲ. ಮೆಂಡೆಲನ ಗಿಡಗಳಲ್ಲಿಯೇ ಒಂದು 43 ದುಂಡು, 2 ಸುಕ್ಕು ಕಾಳು ಕೊಟ್ಟರೆ, ಇನ್ನೊಂದು 14 ದುಂಡು, 15 ಸುಕ್ಕು ಕಾಳು ಕೊಟ್ಟಿತ್ತು. ಅವೆರಡನ್ನೇ ನೋಡಿದ್ದರೆ ಯಾವ ನಿಯಮವೂ ಕಾಣುತ್ತಿರಲಿಲ್ಲ. ಏಳು ಸಾವಿರ ಕಾಳು ಎಣಿಸಿದಾಗ ನಿಯಮ ತಾನಾಗಿ ಎದ್ದು ಬಂತು. ಚೌಕ ಇಡೀ ಹೊಲದ ಭವಿಷ್ಯ ಹೇಳುತ್ತದೆ. ಒಂದೇ ಕಾಳಿನ ಭವಿಷ್ಯ ಹೇಳುವುದಿಲ್ಲ.

ನೆಟೆ ರೋಗ ಮತ್ತು ಮಾರುತಿ

ಇನ್ನು ತೊಗರಿಗೆ ಬರೋಣ. ಹಸಿರಾಗಿ ನಿಂತ ತೊಗರಿ ಹೂವು-ಕಾಯಿಯ ಹೊತ್ತಿಗೆ ನಿಂತಲ್ಲೇ ಬಾಡಿ ಒಣಗುವುದನ್ನು ನಮ್ಮ ರೈತರು ನೆಟೆ ರೋಗ ಎನ್ನುತ್ತಾರೆ. ಗಿಡವನ್ನು ಕಿತ್ತು ಬುಡದ ಸಿಪ್ಪೆ ಸುಲಿದರೆ ಒಳಗೆ ಕಪ್ಪು-ಕಂದು ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನ ಮೂಲಕ ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಹಾಕುವುದರಿಂದ ಹೀಗಾಗುತ್ತದೆ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನ ಸಂಸ್ಥೆಯ ಇ. ಜೆ. ಬಟ್ಲರ್ 1910ರಲ್ಲಿ ಈ ಶಿಲೀಂಧ್ರಕ್ಕೆ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟರು. ಔಷಧಿ ಸಿಂಪಡಿಸಿ ಓಡಿಸುವ ರೋಗ ಇದಲ್ಲ; ಕೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಆದ್ದರಿಂದ ರೋಗವನ್ನು ತಾಳುವ ತಳಿ ಬೇಕು. ತಾಳುವ ಗುಣ ತಂದೆತಾಯಿಯಿಂದ ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಅದೇ ಸಂಸ್ಥೆಯ ಎಫ್. ಜೆ. ಎಫ್. ಶಾ 1936ರಲ್ಲಿ ದೀರ್ಘ ಲೇಖನ ಪ್ರಕಟಿಸಿದರು. ಮೆಂಡೆಲನ ಲೆಕ್ಕ ನಮ್ಮ ತೊಗರಿಗೆ ಬಂದದ್ದು ಹೀಗೆ.

1972ರಲ್ಲಿ ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಆರಂಭವಾಯಿತು. ಸೇಡಂ, ತಾಂಡೂರು ದಾಟಿ ಹೋಗುವ ಈ ರೈಲಿನ ದಿಕ್ಕಿನಲ್ಲೇ ಅದು ಇದೆ. ಅಲ್ಲಿ ವೈ. ಎಲ್. ನೆನೆ ಮೊದಲಾದ ಸಸ್ಯರೋಗ ತಜ್ಞರು ರೈತರಿಗೆ ವಿಚಿತ್ರವೆನಿಸುವ ಒಂದು ಕೆಲಸ ಮಾಡಿದರು: ಬೇಕೆಂದೇ ಹೊಲವನ್ನು ಕೆಡಿಸಿದರು. ನೆಟೆ ಹೋದ ಗಿಡಗಳನ್ನು ಅದೇ ಮಣ್ಣಿಗೆ ಸೇರಿಸಿ, ರೋಗ ತುಂಬಿದ ‘ರೋಗದ ಮಡಿ’ ಮಾಡಿದರು. ಅದರಲ್ಲಿ ದೇಶದ ನಾನಾ ಕಡೆಯ ತೊಗರಿ ಬೀಜಗಳನ್ನು ಬಿತ್ತಿದರು. ಬಹಳಷ್ಟು ಸತ್ತವು, ಬದುಕಿ ಉಳಿದವುಗಳ ಬೀಜವನ್ನು ಮತ್ತೆ ಅಲ್ಲೇ ಬಿತ್ತಿದರು. ಹೀಗೆ ಸೋಸಿ ಉಳಿದ ಒಂದು ಸಾಲು ಐಸಿಪಿ 8863. ಮಹಾರಾಷ್ಟ್ರದ ನಾಟಿ ಬೀಜದಿಂದ ಆರಿಸಿದ ಸಾಲು ಅದು. 1986ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಗುಲಬರ್ಗಾ ಸೀಮೆಯ ತೊಗರಿ ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಹಬ್ಬಿತು. ಚಿಂಚೋಳಿಯಿಂದ ಚಿತ್ತಾಪುರದವರೆಗೆ ಹಿರಿಯ ರೈತರನ್ನು ಕೇಳಿದರೆ ಆ ಹೆಸರು ಈಗಲೂ ಅವರ ಬಾಯಲ್ಲಿದೆ.

ನೀವು ಗಮನಿಸಬೇಕಾದ ಸಂಗತಿ ಎಂದರೆ, ಮಾರುತಿ ಸಂಕರ ತಳಿಯಲ್ಲ, ಆಯ್ಕೆಯ ತಳಿ. ಡೆನ್ಮಾರ್ಕಿನ ಯೊಹಾನ್ಸನ್ ಎಂಬ ವಿಜ್ಞಾನಿ 1903ರಲ್ಲಿ ಹುರುಳಿಕಾಯಿಯ ಬೀಜಗಳ ಮೇಲೆ ನಡೆಸಿದ ಪ್ರಯೋಗದಿಂದ ಹೀಗೆಂದು ತೋರಿಸಿದ್ದ: ಬೆರಕೆ ಬೀಜದ ರಾಶಿಯಿಂದ ಒಳ್ಳೆಯ ಸಾಲನ್ನು ಆರಿಸಿದರೆ ಫಲ ಸಿಗುತ್ತದೆ, ಆದರೆ ಒಮ್ಮೆ ಶುದ್ಧವಾದ ಸಾಲಿನೊಳಗೆ ದಪ್ಪ ಕಾಳನ್ನೇ ಆರಿಸಿ ಬಿತ್ತುತ್ತ ಹೋದರೂ ಮುಂದಿನ ಬೆಳೆ ಹೆಚ್ಚು ದಪ್ಪವಾಗುವುದಿಲ್ಲ. ಆ ದಪ್ಪ ಮಣ್ಣು-ನೀರಿನಿಂದ ಬಂದದ್ದು, ವಂಶದಿಂದ ಬಂದದ್ದಲ್ಲ. ಇವನೇ 1909ರಲ್ಲಿ ಜೀನ್ ಎಂಬ ಪದವನ್ನು ಬಳಕೆಗೆ ತಂದವನು. ರಾಶಿಯಲ್ಲಿ ದಪ್ಪ ಕಾಳು ಹೆಕ್ಕಿ ಬೀಜಕ್ಕಿಡುವ ನಮ್ಮ ರೂಢಿಯ ಬಲವೂ ಮಿತಿಯೂ ಈ ಪ್ರಯೋಗದಲ್ಲಿದೆ.

ಜೇನು ಬೇಲಿ ನೋಡುವುದಿಲ್ಲ

ಬಟಾಣಿಗೂ ತೊಗರಿಗೂ ಇರುವ ವ್ಯತ್ಯಾಸವನ್ನು ಹೇಳುತ್ತೇವೆ ಎಂದಿದ್ದೆವು. ಬಟಾಣಿಯ ಹೂವು ಬಾಗಿಲು ಮುಚ್ಚಿದ ಮನೆ. ತೊಗರಿಯ ಹೂವೂ ತನ್ನ ಪರಾಗದಿಂದ ಕಾಯಿ ಕಟ್ಟಬಲ್ಲದು. ಆದರೆ ಜೇನ್ನೊಣಕ್ಕೆ ಅಲ್ಲಿ ಪ್ರವೇಶವಿದೆ. ನೂರು ಕಾಳಿನಲ್ಲಿ ಸಾಮಾನ್ಯವಾಗಿ 20ರಿಂದ 30 ಕಾಳು ಬೇರೆ ಗಿಡದ ಪರಾಗದಿಂದ ಕಟ್ಟಿದ್ದು ಎಂಬುದು ತಳಿತಜ್ಞರ ಅಂದಾಜು. ಸ್ಥಳ ಮತ್ತು ಕೀಟಗಳನ್ನು ಅವಲಂಬಿಸಿ ಇದು ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು.

ಈಗ ಆಡಕಿಯ ಆ ಮಗುವಿನ ಅಪ್ಪನ ದೂರನ್ನು ಮತ್ತೆ ಕೇಳಿ. ಅವರು ರೋಗ ತಾಳುವ ಶುದ್ಧ ಬೀಜ ತಂದರು. ಬದುವಿನಾಚೆ ಪಕ್ಕದವರ ಹೊಲದಲ್ಲಿ ಹಳೆಯ ಬೆರಕೆ ತೊಗರಿ. ಜೇನು ಬದುವನ್ನೂ ಪಹಣಿಯನ್ನೂ ನೋಡುವುದಿಲ್ಲ. ಮೊದಲ ವರ್ಷ ಕೆಲವು ಕಾಳುಗಳಿಗೆ ಪಕ್ಕದ ಹೊಲವೇ ತಂದೆ. ರಾಶಿಯಲ್ಲಿ ಆ ಕಾಳುಗಳನ್ನು ಗುರುತಿಸುವಂತಿಲ್ಲ, ಏಕೆಂದರೆ ಬಂದ ಗುಣ ದುರ್ಬಲವಾದರೆ ಅದು ಒಂದು ತಲೆಮಾರು ಮರೆಯಲ್ಲೇ ಇರುತ್ತದೆ. ಅದೇ ಬೀಜ ಇಟ್ಟು ಮತ್ತೆ ಬಿತ್ತಿದಾಗ ಮೆಂಡೆಲನ ಸುಕ್ಕು ಕಾಳಿನ ಹಾಗೆ ಅದು ಹೊರಬೀಳುತ್ತದೆ. ಮೂರನೆಯ, ನಾಲ್ಕನೆಯ ವರ್ಷಕ್ಕೆ ‘ಬೀಜ ಕೆಟ್ಟಿತು’ ಎನ್ನುತ್ತೇವೆ. ಬೀಜ ತಾನಾಗಿ ಕೆಟ್ಟದ್ದಲ್ಲ. ತಂದೆತಾಯಿಗಳ ಲೆಕ್ಕ ನಮ್ಮ ಕೈತಪ್ಪಿತು. ಪ್ರಮಾಣಿತ ಬೀಜ ಬೆಳೆಯುವ ಹೊಲಕ್ಕೂ ಬೇರೆ ತೊಗರಿಗೂ ನಡುವೆ ಕನಿಷ್ಠ ನೂರು ಮೀಟರು ಅಂತರ ಇರಬೇಕೆಂದು ನಿಯಮ ಮಾಡಿರುವುದು ಈ ಕಾರಣಕ್ಕೇ.

ಅರ್ಧ ಗಿಡ ಕೀಳುವ ಲೆಕ್ಕ

ಜೇನಿನ ಈ ಓಡಾಟವನ್ನೇ ಉಪಕಾರಕ್ಕೆ ಬಳಸಬಹುದಲ್ಲವೆ ಎಂದು ವಿಜ್ಞಾನಿಗಳು ಯೋಚಿಸಿದರು. 1970ರ ದಶಕದಲ್ಲಿ ಇಕ್ರಿಸ್ಯಾಟ್‌ನ ಸಂಗ್ರಹದಲ್ಲಿ ಪರಾಗವೇ ಇಲ್ಲದ, ಕೇಸರದ ತುದಿ ಪಾರದರ್ಶಕವಾಗಿ ಕಾಣುವ ತೊಗರಿ ಗಿಡಗಳು ಸಿಕ್ಕವು. ಇಂಥ ಗಿಡ ತಾನೇ ಕಾಯಿ ಕಟ್ಟಲಾರದು. ಜೇನು ತಂದ ಹೊರಗಿನ ಪರಾಗದಿಂದ ಕಟ್ಟುತ್ತದೆ. ಪಕ್ಕದಲ್ಲಿ ಬೇಕಾದ ತಳಿಯ ಸಾಲು ಹಾಕಿದರೆ ಸಂಕರ ಬೀಜ ಸಿದ್ಧ! ಹೀಗೆ 1991ರಲ್ಲಿ ಐಸಿಪಿಎಚ್ 8 ಬಂತು. ಬೇಳೆಕಾಳುಗಳಲ್ಲಿ ಪ್ರಪಂಚದ ಮೊದಲ ಸಂಕರ ತಳಿ ಅದು.

ಆದರೆ ಚೌಕ ಅಡ್ಡ ಬಂತು. ಪರಾಗವಿಲ್ಲದಿರುವುದು ದುರ್ಬಲ ಗುಣ. ಪರಾಗ ಕೊಡುವ ಅಂಶ ‘ಪ’, ಬರಡಿನ ಅಂಶ ‘ಬ’ ಎಂದರೆ ಬರಡು ಗಿಡ ಬ-ಬ. ಅದರ ವಂಶವನ್ನು ಮುಂದುವರಿಸಲು ಪ-ಬ ಗಿಡದ ಪರಾಗ ಕೊಡಬೇಕು. ಬ-ಬ ಗಿಡದಿಂದ ಬರುವುದು ‘ಬ’ ಮಾತ್ರ. ಪ-ಬ ಗಿಡದಿಂದ ಅರ್ಧ ‘ಪ’, ಅರ್ಧ ‘ಬ’. ಚೌಕ ತುಂಬಿ ನೋಡಿ: ಮಕ್ಕಳಲ್ಲಿ ಅರ್ಧ ಬರಡು, ಅರ್ಧ ಪರಾಗವುಳ್ಳವು. ಸಂಕರ ಬೀಜ ಮಾಡಬೇಕಾದರೆ ತಾಯಿ ಸಾಲಿನಲ್ಲಿ ಪರಾಗವುಳ್ಳ ಆ ಅರ್ಧ ಗಿಡಗಳನ್ನು ಹೂ ಬಿಡುವ ಹೊತ್ತಿಗೆ ಒಂದೊಂದನ್ನೂ ಪರೀಕ್ಷಿಸಿ ಕಿತ್ತುಹಾಕಬೇಕು. ಕೂಲಿ, ಸಮಯ, ಬೀಜದ ಬೆಲೆ ಮೂರೂ ಏರಿದವು. ಐಸಿಪಿಎಚ್ 8 ರೈತರಲ್ಲಿ ಹರಡಲಿಲ್ಲ. ಒಂದಕ್ಕೊಂದು ಎಂಬ ಶಾಲೆಯ ಅನುಪಾತ ಒಂದು ದೊಡ್ಡ ಯೋಜನೆಯ ಲಾಭ-ನಷ್ಟವನ್ನೇ ತೀರ್ಮಾನಿಸಿತು.

ಮುಂದೆ ಕೆ. ಬಿ. ಸಕ್ಸೇನಾ ಮತ್ತು ಸಂಗಡಿಗರು ತೊಗರಿಯ ಕಾಡು ಸಂಬಂಧಿಯೊಂದರಿಂದ ಬೇರೊಂದು ಬಗೆಯ ಬರಡುತನವನ್ನು ತಂದರು. ಇದು ವರ್ಣತಂತುಗಳ ಮೂಲಕವಲ್ಲದೆ ತಾಯಿಯ ಕೋಶರಸದ ಮೂಲಕ ಬರುವಂಥದು. ಸೂಕ್ತ ತಂದೆ ಸಾಲು ಕೊಟ್ಟರೆ ಮಕ್ಕಳೆಲ್ಲ ಬರಡು. ಅರ್ಧ ಕೀಳುವ ತಾಪತ್ರಯವಿಲ್ಲ. ಈ ದಾರಿಯಿಂದ ಬಂದ ಐಸಿಪಿಎಚ್ 2671 ತಳಿ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಸಂಕರ ಬೀಜದ ಬಗ್ಗೆ ಒಂದು ಮಾತು ನೆನಪಿಡಿ. ಅದರ ಕಸುವು ಇರುವುದು ಮಿಶ್ರ ಜೋಡಿಯಲ್ಲಿ. ಅದರ ಕಾಳನ್ನೇ ಬೀಜಕ್ಕಿಟ್ಟು ಬಿತ್ತಿದರೆ, ಒಂದೇ ಗಿಡದ ಪರಾಗದಿಂದ ಕಟ್ಟಿದ ಕಾಳಿನಲ್ಲಿ ಪ್ರತಿ ಮಿಶ್ರ ಜೋಡಿಯೂ ಒಡೆದು ಅರ್ಧದಷ್ಟು ಮಾತ್ರ ಮಿಶ್ರವಾಗಿ ಉಳಿಯುತ್ತವೆ. ಮಾರುತಿಯಂಥ ಆಯ್ಕೆಯ ತಳಿಯ ಬೀಜವನ್ನು ಎಚ್ಚರಿಕೆಯಿಂದ ಇಟ್ಟುಕೊಳ್ಳಬಹುದು. ಸಂಕರದ ಬೀಜವನ್ನು ಇಟ್ಟುಕೊಂಡು ಪ್ರಯೋಜನವಿಲ್ಲ.

ಲೆಕ್ಕ ನಿಲ್ಲುವ ಜಾಗ

ಹಾಗಾದರೆ ಚೌಕ ಬರೆದರೆ ಎಲ್ಲವೂ ತಿಳಿದಂತೆಯೆ? ಅಲ್ಲ. ನೆಟೆ ತಾಳುವ ಗುಣವನ್ನೇ ತೆಗೆದುಕೊಳ್ಳಿ. ಕೆಲವು ಸಂಕರಗಳಲ್ಲಿ ಅದು ಒಂದೇ ಪ್ರಬಲ ಜೀನ್‌ನಂತೆ ನಡೆದುಕೊಂಡಿತು, ಕೆಲವುಗಳಲ್ಲಿ ದುರ್ಬಲದಂತೆ, ಇನ್ನು ಕೆಲವುಗಳಲ್ಲಿ ಎರಡು ಜೀನ್‌ಗಳ ಕೂಟದಂತೆ. ಅಲ್ಲದೆ ಶಿಲೀಂಧ್ರವೂ ಒಂದು ಜೀವಿ. ಅದಕ್ಕೂ ವಂಶವಿದೆ, ಅದರಲ್ಲೂ ಬಗೆಗಳಿವೆ. ಒಂದು ಬಗೆಯನ್ನು ತಾಳುವ ತೊಗರಿ ಇನ್ನೊಂದು ಬಗೆಯ ಮುಂದೆ ಸೋಲಬಹುದು. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗ ವ್ಯಾಪಕವಾಗಿ ಕಾಣಿಸಿಕೊಂಡು, ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು. ಒಮ್ಮೆ ಗೆದ್ದ ತಳಿ ಸದಾ ಗೆಲ್ಲುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆದ್ದರಿಂದಲೇ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811ರಂಥ ಹೊಸ ತಳಿಗಳನ್ನು ಕೊಡುತ್ತ ಬಂದಿದೆ. 2011ರಲ್ಲಿ ‘ಆಶಾ’ ಎಂಬ ತೊಗರಿ ತಳಿಯ ಇಡೀ ವಂಶಲಿಪಿಯನ್ನು ಓದಿ, 48,680 ಜೀನ್‌ಗಳಿರಬಹುದೆಂದು ಪ್ರಕಟಿಸಲಾಯಿತು. ಆ ಆಶಾ ತಳಿ ನೆಟೆಯನ್ನೂ ಗೊಡ್ಡು ರೋಗವನ್ನೂ ತಾಳುವಂತೆ ಸಂಕರದಿಂದ ರೂಪಿಸಿದ್ದು. ಎರಡು ದುರ್ಬಲ ಗುಣಗಳು ಒಂದೇ ಗಿಡದಲ್ಲಿ ಬೇಕೆಂದರೆ ಹದಿನಾರರಲ್ಲಿ ಒಂದು. ಮೂರು ಬೇಕೆಂದರೆ 64ರಲ್ಲಿ ಒಂದು. ಹೊಸ ತಳಿಗೆ ಅಷ್ಟು ವರ್ಷ ಏಕೆ ಬೇಕು ಎಂದು ಕೇಳುವವರಿಗೆ ಈ ಲೆಕ್ಕವೇ ಉತ್ತರ.

ಇದೇ ಚೌಕವನ್ನು ಮನೆಯೊಳಗೂ ಒಮ್ಮೆ ತರೋಣ. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಪರಾಗವಿಲ್ಲದ ತೊಗರಿಯ ಲೆಕ್ಕದಂತೆಯೇ ಇಲ್ಲಿಯೂ ಅರ್ಧ-ಅರ್ಧ. ವರ್ಣತಂತುವಿನಿಂದ ಲಿಂಗ ನಿರ್ಧಾರವಾಗುತ್ತದೆ ಎಂದು ನೆಟ್ಟಿ ಸ್ಟೀವನ್ಸ್ ಎಂಬ ಮಹಿಳಾ ವಿಜ್ಞಾನಿ 1905ರಲ್ಲಿಯೇ ತೋರಿಸಿದ್ದರು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ. ಆ ದೂರು ವಿಜ್ಞಾನದ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ ಎಂಬ ನಂಬಿಕೆಯೂ ಅಷ್ಟೆ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ.

ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಸೋದರಮಾವನಿಗೂ ಸೊಸೆಗೂ ಸರಾಸರಿ ಕಾಲುಭಾಗ ಜೀನ್‌ಗಳು ಒಂದೇ ಮೂಲದವು. ಮರೆಯಲ್ಲಿರುವ ಒಂದು ದುರ್ಬಲ ದೋಷ ಇಬ್ಬರಲ್ಲಿಯೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇಂಥ ಮದುವೆಗಳಲ್ಲಿ ಹುಟ್ಟುವ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಒಂದೇ ಬಗೆಯ ಕಾಯಿಲೆ, ಕಿವುಡುತನ ಮರುಕಳಿಸಿದ್ದರೆ ಮದುವೆಗೆ ಮುಂಚೆ ವೈದ್ಯರನ್ನು ಕಾಣುವುದು ಲೇಸು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ನೀವೇ ಮಾಡಿ ನೋಡಿ

ಮಕ್ಕಳೊಂದಿಗೆ ಈ ವಾರ ಒಂದು ಆಟ ಆಡಿ. ಎರಡು ಬಟ್ಟಲು ತೆಗೆದುಕೊಳ್ಳಿ. ಪ್ರತಿಯೊಂದರಲ್ಲಿ 20 ಕೆಂಪು ತೊಗರಿ, 20 ಬಿಳಿ ತೊಗರಿ ಕಾಳು ಹಾಕಿ. ಒಂದು ಬಟ್ಟಲು ತಂದೆ, ಇನ್ನೊಂದು ತಾಯಿ. ಕಣ್ಣು ಮುಚ್ಚಿ ಒಂದೊಂದರಿಂದ ಒಂದೊಂದು ಕಾಳು ತೆಗೆದು, ಜೋಡಿಯನ್ನು ಬರೆದುಕೊಂಡು, ಕಾಳನ್ನು ಅದರದರ ಬಟ್ಟಲಿಗೇ ಹಾಕಿ. ಕೆಂಪು ಪ್ರಬಲ ಎಂದಿಟ್ಟುಕೊಳ್ಳಿ. ಜೋಡಿಯಲ್ಲಿ ಒಂದು ಕೆಂಪು ಇದ್ದರೂ ಆ ಮಗು ಕೆಂಪು. ನಾಲ್ಕು ಸಲ ತೆಗೆದಾಗ ಏನು ಬಂತು, ನೂರು ಸಲ ತೆಗೆದಾಗ ಏನು ಬಂತು ಎಂದು ಹೋಲಿಸಿ. ಮೆಂಡೆಲ್ ಎಂಟು ವರ್ಷ ಏಕೆ ಎಣಿಸಿದ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಬೀಜ ಇಡುವ ಮನೆಯವರಿಗೆ ಮೂರು ಮಾತು. ರಾಶಿಯಾದ ಮೇಲೆ ದಪ್ಪ ಕಾಳು ಹೆಕ್ಕುವ ಬದಲು, ಹೊಲದಲ್ಲಿ ನಿಂತಾಗಲೇ ರೋಗವಿಲ್ಲದ, ಒಂದೇ ನಮೂನೆಯ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಿ. ಬದುವಿನ ಸಾಲು ಬಿಟ್ಟು ಹೊಲದ ನಡುವಿನ ಗಿಡಗಳನ್ನು ಆರಿಸಿ. ಪಕ್ಕದ ಹೊಲದ ಪರಾಗ ಅಲ್ಲಿಗೆ ಕಡಿಮೆ ತಲಪುತ್ತದೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಹೊಸ ಪ್ರಮಾಣಿತ ಬೀಜ ತನ್ನಿ. ತೊಗರಿಯ ಜೊತೆ ಜೋಳದ ಅಕ್ಕಡಿ ಸಾಲು ಹಾಕುವ ಹಿರಿಯರ ಪದ್ಧತಿಯನ್ನೂ ಬಿಡಬೇಡಿ. ಅದರಿಂದ ನೆಟೆ ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಆಡಕಿಯ ಆ ಮಗು ನಾಳೆ ನೋಟುಪುಸ್ತಕದ ಚೌಕವನ್ನು ಅಪ್ಪನಿಗೆ ತೋರಿಸಿ, ಬಟಾಣಿ ಎಂದು ಬರೆದಲ್ಲೆಲ್ಲ ತೊಗರಿ ಎಂದು ಓದಿ ಹೇಳಲಿ. ಅಪ್ಪ ಕೇಳುವ ಮೊದಲ ಪ್ರಶ್ನೆ ಬಹುಶಃ ಜೇನಿನ ಬಗ್ಗೆಯೇ ಇರುತ್ತದೆ.